ಹಾಕಿ ಗೋಲ್‌ಕೀಪರ್‌ಗಳಲ್ಲಿ ದೊಡ್ಡವರು ಯಾರು? ಲಕ್ಷ್ಮಣ್, ಶ್ರೀಜೇಶ್, ನಮ್ಮ ಬಲ್ಲಾಳ್: ಲೆಕ್ಕ ಏನು ಹೇಳ್ತದ?

ಮಂಗಳೂರು (ಕೊಪ್ಪಳ ಜಿಲ್ಲೆ): ಮಂಗಳೂರು, ಕುಕನೂರು, ಯಲಬುರ್ಗಾ, ಕುಷ್ಟಗಿ ಎಲ್ಲೇ ಹೋದರೂ ಚಹಾದಂಗಡಿ ಮುಂದ ಆಟದ ಮಾತು ಅಂದ್ರ ಕ್ರಿಕೆಟ್. ಸಚಿನ್ ದೊಡ್ಡವರೋ, ಕೊಹ್ಲಿ ದೊಡ್ಡವರೋ ಅನ್ನೋ ವಾದ ಚಹಾ ಆರಿ ತಣ್ಣಗಾದರೂ ಮುಗಿಯೋದಿಲ್ಲ. ಹಾಕಿಯಲ್ಲೂ ಅಂಥದ್ದೇ ಒಂದು ವಾದ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ಪಿ.ಆರ್. ಶ್ರೀಜೇಶ್ ನಿವೃತ್ತಿಯಾದ ಮೇಲಂತೂ ಅದು ಜೋರಾಗಿದೆ. ಭಾರತ ಕಂಡ ಅತಿ ದೊಡ್ಡ ಗೋಲ್‌ಕೀಪರ್ ಯಾರು?

ಹೊಸಬರು ಶ್ರೀಜೇಶ್ ಅಂತಾರೆ. ಹಳಬರು ಶಂಕರ್ ಲಕ್ಷ್ಮಣ್ ಅಂತಾರೆ. ಕರ್ನಾಟಕದವರು ಬೆಂಗಳೂರಿನ ಆಶಿಶ್ ಬಲ್ಲಾಳ್ ಹೆಸರು ಬಿಟ್ಟುಕೊಡೋದಿಲ್ಲ. ಮೂವರ ಪರವಾಗಿಯೂ ಗಟ್ಟಿ ಆಧಾರ ಇದೆ. ಆದರೆ ಗೋಲ್‌ಕೀಪರ್‌ನನ್ನು ಅಳೆಯೋದು ಹೆಂಗ ಅನ್ನೋದು ಮೊದಲು ತಿಳಿಯದಿದ್ದರೆ ಈ ವಾದ ಬರೀ ಹೆಸರು ಕೂಗೋದಷ್ಟೇ ಆಗುತ್ತದೆ.

ಗೋಲ್‌ದಾಗ ನಿಂತವನ ಮುಂದ ಏನಿರ್ತದ?

ಹಾಕಿ ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ನಮ್ಮ ಲೆಕ್ಕದಲ್ಲಿ 12 ಅಡಿ ಅಗಲ, 7 ಅಡಿ ಎತ್ತರ. ಬಜಾರದಲ್ಲಿರೋ ಒಂದು ದೊಡ್ಡ ಅಂಗಡಿಯ ಶಟರ್ ನೆನಪಿಸಿಕೊಂಡರೆ ಸಾಕು, ಅಷ್ಟು ಜಾಗವನ್ನು ಒಬ್ಬನೇ ಕಾಯಬೇಕು.

ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಕ್ರಿಕೆಟ್‌ನ ಲೆದರ್ ಬಾಲ್ ತೂಕವೂ ಹೆಚ್ಚುಕಡಿಮೆ ಅಷ್ಟೇ. ಈ ಗಟ್ಟಿ ಚೆಂಡು ಡ್ರ್ಯಾಗ್ ಫ್ಲಿಕ್‌ನಲ್ಲಿ ಗಂಟೆಗೆ 100 ಕಿ.ಮೀ. ದಾಟಿ ಬರುತ್ತದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಸರ್ಕಲ್ ಅಂಚಿನಿಂದ, ಅಂದರೆ ಸುಮಾರು 14-15 ಮೀಟರ್ ದೂರದಿಂದ ಹೊಡೆದರೆ, ಅದು ಗೋಲು ಮುಟ್ಟೋಕೆ ಅರ್ಧ ಸೆಕೆಂಡು ಸಾಕು. ಕಣ್ಣು ಮಿಟುಕಿಸಿದರೆ ಮುಗೀತು. ಆ ಹೊತ್ತಿಗೆ ಗೋಲ್‌ಕೀಪರ್ ಜೊತೆ ಕಾಯೋಕೆ ಇರೋರು ನಾಲ್ಕೇ ಮಂದಿ.

ಇನ್ನೊಂದು ಮಾತು. ಫಾರ್ವರ್ಡ್ ಹತ್ತು ಅವಕಾಶ ಕೆಡಿಸಿ ಒಂದು ಗೋಲು ಹೊಡೆದರೆ ಹೀರೋ. ಗೋಲ್‌ಕೀಪರ್ ಹತ್ತು ತಡೆದು ಒಂದು ಬಿಟ್ಟರೆ "ಅವನಿಂದ್ಲೇ ಸೋತ್ವಿ" ಅಂತಾರೆ. ಅವನು ಮಾಡಿದ ಒಳ್ಳೆ ಕೆಲಸ ಸ್ಕೋರ್‌ಬೋರ್ಡ್‌ನಲ್ಲಿ ಸೊನ್ನೆಯಾಗಿ ಇರುತ್ತದೆ, ತಪ್ಪು ಮಾತ್ರ ಅಂಕಿಯಾಗಿ ಕಾಣುತ್ತದೆ. ಅದಕ್ಕೇ ಈ ಲೆಕ್ಕ ಕಷ್ಟ.

ಮೆಡಲ್ ಎಣಿಸಿದರೆ ಸಾಲದೇನು?

ಸಾಲದು. ಹಳೇ ಕಾಲದ ರಿಚರ್ಡ್ ಅಲೆನ್ ಅವರನ್ನೇ ತೆಗೆದುಕೊಳ್ಳಿ. 1928ರ ಆಮ್‌ಸ್ಟರ್‌ಡ್ಯಾಂ, 1932ರ ಲಾಸ್ ಏಂಜಲೀಸ್, 1936ರ ಬರ್ಲಿನ್, ಮೂರೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 1928ರಲ್ಲಿ ಭಾರತ 29 ಗೋಲು ಹೊಡೆಯಿತು, ಬಿಟ್ಟಿದ್ದು ಒಂದೂ ಇಲ್ಲ. ಮೂರೂ ಒಲಿಂಪಿಕ್ಸ್ ಸೇರಿ ಅಲೆನ್ ಬಿಟ್ಟ ಗೋಲು ಎರಡೇ ಎರಡು. ಅಂಕಿ ನೋಡಿದರೆ ಅವರನ್ನು ಮೀರಿಸೋರು ಯಾರೂ ಇಲ್ಲ.

ಆದರೆ 1932ರಲ್ಲಿ ಅಮೆರಿಕ ವಿರುದ್ಧ ಭಾರತ ಗೆದ್ದದ್ದು 24-1 ಅಂತರದಿಂದ. ಆ ಒಂದು ಗೋಲು ಹೋದಾಗ ಅಲೆನ್ ಗೋಲಿನ ಹಿಂದೆ ನಿಂತು ಜನರಿಗೆ ಆಟೋಗ್ರಾಫ್ ಕೊಡ್ತಿದ್ದರು ಅನ್ನೋ ಕತೆ ಇವತ್ತಿಗೂ ಹೇಳ್ತಾರೆ. ಧ್ಯಾನ್‌ಚಂದ್ ಮುಂದೆ ಇರುವಾಗ ಚೆಂಡು ಹಿಂದಕ್ಕೆ ಬರೋದೇ ಅಪರೂಪ. ಗಿರಾಕಿನೇ ಬಾರದ ಅಂಗಡಿಯಲ್ಲಿ ಕೂತವರು ಒಳ್ಳೆ ವ್ಯಾಪಾರಿಯೋ ಅಲ್ಲವೋ ಹೇಳೋದು ಹೆಂಗ? ಅಲೆನ್ ಕೆಟ್ಟ ಗೋಲ್‌ಕೀಪರ್ ಅಂತಲ್ಲ, ಅವರ ಆಟಕ್ಕೆ ಪರೀಕ್ಷೆ ಆಗಿದ್ದೇ ಕಡಿಮೆ.

ಹಾಗಾದರೆ ಅಳತೆಗೋಲು ಯಾವುದು? ಒಂದು ಗೋಲಿನ ಅಂತರದಲ್ಲಿ ಮುಗಿದ ದೊಡ್ಡ ಪಂದ್ಯಗಳನ್ನು ನೋಡಬೇಕು. ಅಂಥ ಪಂದ್ಯದಲ್ಲಿ ಗೋಲ್‌ಕೀಪರ್ ಒಂದು ಸಲ ಎಡವಿದರೂ ಮೆಡಲ್ ಕೈಬಿಡುತ್ತದೆ. ಈ ತಕ್ಕಡಿಯಲ್ಲಿ ತೂಗಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಮೂರು ಫೈನಲ್, ಬಿಟ್ಟದ್ದು ಒಂದೇ ಗೋಲು

ಶಂಕರ್ ಲಕ್ಷ್ಮಣ್ ಹುಟ್ಟಿದ್ದು 1933ರಲ್ಲಿ, ಮಧ್ಯಪ್ರದೇಶದ ಮಹೂನಲ್ಲಿ. ಸೈನ್ಯ ಸೇರಿ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸೇವೆ ಮಾಡಿದರು. ಈ ರೆಜಿಮೆಂಟಿನ ಕೇಂದ್ರ ಇರೋದು ನಮ್ಮ ಬೆಳಗಾವಿಯಲ್ಲೇ.

ಲಕ್ಷ್ಮಣ್ ಮೂರು ಒಲಿಂಪಿಕ್ಸ್ ಫೈನಲ್ ಆಡಿದರು. ಮೂರರಲ್ಲೂ ಎದುರಾಳಿ ಪಾಕಿಸ್ತಾನ. 1956ರ ಮೆಲ್ಬರ್ನ್‌ನಲ್ಲಿ ಭಾರತ 1-0ಯಿಂದ ಗೆದ್ದಿತು. 1960ರ ರೋಮ್‌ನಲ್ಲಿ 0-1ರಿಂದ ಸೋತಿತು, 1928ರಿಂದ ಸತತ ಆರು ಚಿನ್ನ ಗೆದ್ದಿದ್ದ ಸರಣಿ ಅಲ್ಲಿಗೆ ತುಂಡಾಯಿತು. 1964ರ ಟೋಕಿಯೊದಲ್ಲಿ ಮತ್ತೆ 1-0ಯಿಂದ ಗೆದ್ದು ಚಿನ್ನ ವಾಪಸ್ ತಂದರು. ಮೂರು ಫೈನಲ್ ಸೇರಿ ಅವರು ಬಿಟ್ಟದ್ದು ಒಂದೇ ಗೋಲು. ಅದೂ ಆ ಕಾಲದ ಅತಿ ಬಲಿಷ್ಠ ಎದುರಾಳಿ ಎದುರು.

1966ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಲಕ್ಷ್ಮಣ್ ಅವರೇ ಕ್ಯಾಪ್ಟನ್. ಗೋಲ್‌ಕೀಪರ್‌ಗೆ ನಾಯಕತ್ವ ಕೊಡೋದು ಆ ಕಾಲಕ್ಕೆ ಕೇಳರಿಯದ ಮಾತು. ಫೈನಲ್‌ನಲ್ಲಿ ಮತ್ತೆ ಪಾಕಿಸ್ತಾನ, ಮತ್ತೆ 1-0, ಏಷ್ಯನ್ ಗೇಮ್ಸ್ ಹಾಕಿಯಲ್ಲಿ ಭಾರತಕ್ಕೆ ಮೊದಲ ಚಿನ್ನ. ಅರ್ಜುನ ಪ್ರಶಸ್ತಿ ಬಂತು, ಪದ್ಮಶ್ರೀ ಬಂತು.

ಆಮೇಲೆ? ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದ ಅವರನ್ನು ದೇಶ ಹೆಚ್ಚುಕಡಿಮೆ ಮರೆತೇ ಬಿಟ್ಟಿತು. ಕಾಲಿಗೆ ಗ್ಯಾಂಗ್ರೀನ್ ಆಗಿ, ಕಷ್ಟದಲ್ಲೇ ದಿನ ಕಳೆದು, 2006ರ ಏಪ್ರಿಲ್‌ನಲ್ಲಿ ಮಹೂನಲ್ಲೇ ತೀರಿಕೊಂಡರು. ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ, ಒಂದು ಬೆಳ್ಳಿ ಕಂಡ ಕಾಲು ಅದು.

ಹೆಲ್ಮೆಟ್ ಇಲ್ಲದ ಕಾಲ

ಹಳಬರನ್ನೂ ಹೊಸಬರನ್ನೂ ಒಂದೇ ತಕ್ಕಡಿಗೆ ಹಾಕುವ ಮುಂಚೆ ಕಾಲ ಬದಲಾದದ್ದು ನೋಡಬೇಕು. ಲಕ್ಷ್ಮಣ್ ಕಾಲದಲ್ಲಿ ಕಾಲಿಗೆ ಪ್ಯಾಡ್ ಬಿಟ್ಟರೆ ಮೈಗೆ ಹೆಚ್ಚಿನ ರಕ್ಷಣೆ ಇರಲಿಲ್ಲ, ಮುಖಕ್ಕಂತೂ ಇಲ್ಲವೇ ಇಲ್ಲ.

ಇದಕ್ಕೆ ಹತ್ತಿರದ ಉದಾಹರಣೆ ಮ್ಯಾನ್ಯುಯೆಲ್ ಫ್ರೆಡರಿಕ್. ಹುಟ್ಟಿದ್ದು ಕೇರಳದ ಕಣ್ಣೂರಿನಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮುಖಕ್ಕೆ ಮಾಸ್ಕ್ ಇಲ್ಲದೆ ನಿಂತು, ಬೇಕಾದರೆ ಹಣೆಯಿಂದಲೂ ಚೆಂಡು ತಡೀತಿದ್ದರು ಅಂತ ಅವರ ಜೊತೆ ಆಡಿದವರು ನೆನೆಯುತ್ತಾರೆ. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಿಕ್ಕಿದ್ದು 2019ರಲ್ಲಿ, ಅಂದರೆ ಮೆಡಲ್ ಗೆದ್ದು 47 ವರ್ಷ ಆದ ಮೇಲೆ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ಅವರು ತೀರಿಕೊಂಡರು.

ಹಂಗಂತ ಹೊಸಬರ ಕೆಲಸ ಸುಲಭ ಅಂತ ತಿಳೀಬಾರದು. ಹುಲ್ಲಿನ ಮೈದಾನದಲ್ಲಿ ಚೆಂಡು ತಡೆದು ತಡೆದು ಬರ್ತಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಕೃತಕ ಟರ್ಫ್ ಬಂತು, ಚೆಂಡಿನ ವೇಗ ಏರಿತು. 1990ರ ದಶಕದ ಕೊನೆಗೆ ಆಫ್‌ಸೈಡ್ ನಿಯಮ ತೆಗೆದರು. ಅಲ್ಲಿಂದ ಎದುರಾಳಿ ಫಾರ್ವರ್ಡ್ ಗೋಲ್‌ಕೀಪರ್ ಮೂಗಿನ ಮುಂದೇ ಬಂದು ನಿಲ್ಲಬಹುದು. ಡ್ರ್ಯಾಗ್ ಫ್ಲಿಕ್ ಬಂದ ಮೇಲೆ ಪೆನಾಲ್ಟಿ ಕಾರ್ನರ್ ಇನ್ನಷ್ಟು ಅಪಾಯಕಾರಿಯಾಯಿತು. ಮೈಗೆ ರಕ್ಷಣೆ ಹೆಚ್ಚಾತು, ಜೊತೆಗೆ ಚೆಂಡಿನ ಏಟೂ ಹೆಚ್ಚಾತು.

ಟೈ ಆದಾಗಿನ ನಿಯಮವೂ ಬದಲಾಗಿದೆ. ಮೊದಲು ಪೆನಾಲ್ಟಿ ಸ್ಟ್ರೋಕ್ ಇತ್ತು. ಗೋಲಿನಿಂದ 6.4 ಮೀಟರ್ ದೂರದಲ್ಲಿ ಚೆಂಡಿಟ್ಟು ಹೊಡೆಯೋದು, ಗೋಲ್‌ಕೀಪರ್ ಊಹೆ ಮಾಡಿ ಹಾರೋದು. ಈಗ ಶೂಟ್‌ಔಟ್. ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಗೊಂಡು ಓಡಿಬಂದು 8 ಸೆಕೆಂಡಿನಲ್ಲಿ ಗೋಲು ಹೊಡೀಬೇಕು. ಇಲ್ಲಿ ಗೋಲ್‌ಕೀಪರ್ ಮುಂದೆ ಬಂದು ಅಡ್ಡ ಹಾಕಬಹುದು.

ಐಸ್ ಹಾಕಿ ದೇಶಗಳಲ್ಲೂ ಇದೇ ಜಗಳ

ಕೆನಡಾ, ಅಮೆರಿಕ, ರಷ್ಯಾ ಕಡೆ ಹಿಮದ ಗಡ್ಡೆ ಮೇಲೆ ಆಡೋ ಐಸ್ ಹಾಕಿಗೂ ಹುಚ್ಚು ಅಭಿಮಾನಿಗಳಿದ್ದಾರೆ. ಅಲ್ಲಿ ಗೋಲು ಚಿಕ್ಕದು, 6 ಅಡಿ ಅಗಲ, 4 ಅಡಿ ಎತ್ತರ. ಚೆಂಡಿನ ಬದಲು ಪಕ್ ಅನ್ನೋ ಗಟ್ಟಿ ರಬ್ಬರ್ ಬಿಲ್ಲೆ ಇರುತ್ತದೆ. ಅಲ್ಲಿನ ವಾದ ನಡೆಯೋದು ಮುಖ್ಯವಾಗಿ ಇಬ್ಬರ ನಡುವೆ. ಮಾರ್ಟಿನ್ ಬ್ರೋಡೂರ್ ಉತ್ತರ ಅಮೆರಿಕದ ಲೀಗ್‌ನಲ್ಲಿ 691 ಪಂದ್ಯ ಗೆದ್ದು, 125 ಪಂದ್ಯಗಳಲ್ಲಿ ಒಂದೂ ಗೋಲು ಬಿಡದೆ ದಾಖಲೆ ಮಾಡಿದವರು. ಜೆಕ್ ದೇಶದ ಡೊಮಿನಿಕ್ ಹಾಶೆಕ್ ಗೆಲುವಿನ ಲೆಕ್ಕದಲ್ಲಿ ಬಹಳ ಹಿಂದೆ. ಆದರೆ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಎರಡು ಸಲ ಗೆದ್ದ ಗೋಲ್‌ಕೀಪರ್ ಅವರೊಬ್ಬರೇ.

ಹಾಶೆಕ್ ಪರ ಇರೋರು ಹೇಳೋದು ಒಂದೇ ಮಾತು: 1998ರ ಫೆಬ್ರುವರಿ, ನಾಗಾನೊ ಒಲಿಂಪಿಕ್ಸ್. ಸೆಮಿಫೈನಲ್ ಶೂಟ್‌ಔಟ್‌ನಲ್ಲಿ ಕೆನಡಾದ ಐದೂ ಮಂದಿಯನ್ನು ತಡೆದರು. ಫೈನಲ್‌ನಲ್ಲಿ ರಷ್ಯಾಕ್ಕೆ ಗೋಲು ಬಿಡದೆ 1-0ಯಿಂದ ಚಿನ್ನ ಗೆದ್ದುಕೊಟ್ಟರು. ಅಲ್ಲೂ ಕೊನೆಗೆ ಬಂದು ನಿಲ್ಲೋದು ಒಂದು ಗೋಲಿನ ಅಂತರದ ಪಂದ್ಯಕ್ಕೇ.

ಅದೇ ವರ್ಷ ಬ್ಯಾಂಕಾಕ್‌ನಲ್ಲಿ ಬಲ್ಲಾಳ್

ಹಾಶೆಕ್ ಗೆದ್ದು ಹತ್ತು ತಿಂಗಳಿಗೆ, 1998ರ ಡಿಸೆಂಬರ್‌ನಲ್ಲಿ, ಕರ್ನಾಟಕದ ಗೋಲ್‌ಕೀಪರ್ ಒಬ್ಬರ ದಿನ ಬಂತು. ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್. ಎದುರಾಳಿ ದಕ್ಷಿಣ ಕೊರಿಯಾ. ಆಟ 1-1ರಲ್ಲಿ ನಿಂತಿತು. ಪೆನಾಲ್ಟಿ ಸ್ಟ್ರೋಕ್‌ಗೆ ಹೋದಾಗ ಆಶಿಶ್ ಬಲ್ಲಾಳ್ ಎರಡು ಸ್ಟ್ರೋಕ್ ತಡೆದರು. ಭಾರತ 4-2ರಿಂದ ಗೆದ್ದಿತು. ಲಕ್ಷ್ಮಣ್ ತಂಡ 1966ರಲ್ಲಿ ತಂದಿದ್ದ ಚಿನ್ನ 32 ವರ್ಷದ ಮೇಲೆ, ಅದೇ ಬ್ಯಾಂಕಾಕ್‌ನಿಂದ ಮತ್ತೆ ಬಂತು.

ಆ ಗೆಲುವಿನ ಹಿಂದೆ ಇನ್ನೊಬ್ಬರಿದ್ದರು. ಗೋಲ್‌ಕೀಪಿಂಗ್ ಕೋಚ್ ಮೀರ್ ರಂಜನ್ ನೇಗಿ. 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 1-7ರಿಂದ ಸೋತಾಗ ಗೋಲಿನಲ್ಲಿ ಇದ್ದವರು ಅವರೇ. ಸೋತದ್ದು ಇಡೀ ತಂಡ, ಬೈಗುಳ ತಿಂದದ್ದು ಒಬ್ಬರು. ದುಡ್ಡು ತಿಂದು ಗೋಲು ಬಿಟ್ಟ ಅಂತ ಆಧಾರವಿಲ್ಲದ ಮಾತು ಊರೂರು ಹಬ್ಬಿತು. ಹದಿನಾರು ವರ್ಷ ಆದ ಮೇಲೆ ಅದೇ ನೇಗಿ ಕಲಿಸಿದ ಗೋಲ್‌ಕೀಪರ್‌ಗಳು ಚಿನ್ನದೊಂದಿಗೆ ಮರಳಿದರು. ಮುಂದೆ 'ಚಕ್ ದೇ ಇಂಡಿಯಾ' ಸಿನಿಮಾದ ಕತೆಯನ್ನು ಜನ ಅವರ ಬದುಕಿಗೆ ಹೋಲಿಸಿದರು.

ಗೆದ್ದವರಿಗಾದರೂ ಸುಖ ಸಿಕ್ಕಿತೇ ಅಂದ್ರ ಅದೂ ಇಲ್ಲ. ಚಿನ್ನ ಗೆದ್ದು ಬಂದ ಸ್ವಲ್ಪ ದಿನಕ್ಕೇ ಕ್ಯಾಪ್ಟನ್ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಲವು ಹಿರಿಯರನ್ನು ತಂಡದಿಂದ ಹೊರಗಿಟ್ಟರು. ಬಲ್ಲಾಳ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಆಮೇಲೆ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಹಾಕಿ ಕಲಿಸುವ ಕೆಲಸಕ್ಕೆ ಇಳಿದರು. ಅದೇ ದಶಕದಲ್ಲಿ ಕೊಡಗಿನ ಎ.ಬಿ. ಸುಬ್ಬಯ್ಯ ಕೂಡ ಭಾರತದ ಗೋಲು ಕಾದರು, 1996ರ ಅಟ್ಲಾಂಟಾ ಒಲಿಂಪಿಕ್ಸ್ ಆಡಿದರು. ಒಂದು ಕಾಲಕ್ಕೆ ಭಾರತದ ಗೋಲು ಅಂದ್ರ ಕರ್ನಾಟಕದವರದ್ದೇ ಅನ್ನೋ ಹಂಗಿತ್ತು.

ಆಕಳು ಮಾರಿ ತಂದ ಪ್ಯಾಡ್

ಶ್ರೀಜೇಶ್ ಕೇರಳದ ಎರ್ನಾಕುಲಂ ಜಿಲ್ಲೆಯ ರೈತರ ಮನೆಯವರು. ಮನೆಯಲ್ಲಿ ಹಾಕಿ ಆಡಿದವರು ಯಾರೂ ಇರಲಿಲ್ಲ. ತಿರುವನಂತಪುರದ ಕ್ರೀಡಾ ಶಾಲೆಗೆ ಸೇರಿದ ಮೇಲೆ ಕೋಚ್ ಹೇಳಿದರು ಅಂತ ಗೋಲ್‌ಕೀಪರ್ ಆದರು. ಮೊದಲ ಪ್ಯಾಡ್ ಕೊಡಿಸೋಕೆ ಅಪ್ಪ ಮನೆಯ ಆಕಳು ಮಾರಿದ್ದನ್ನು ಶ್ರೀಜೇಶ್ ಅವರೇ ಹೇಳಿಕೊಂಡಿದ್ದಾರೆ. ಆಕಳು ಮಾರೋದು ಅಂದ್ರ ಏನು ಅನ್ನೋದನ್ನ ನಮ್ಮ ಭಾಗದ ರೈತರಿಗೆ ಬಿಡಿಸಿ ಹೇಳೋದು ಬೇಕಿಲ್ಲ.

2006ರಲ್ಲಿ ಭಾರತ ತಂಡಕ್ಕೆ ಬಂದರು, 2024ರಲ್ಲಿ ನಿವೃತ್ತರಾದರು. 18 ವರ್ಷ, 336 ಪಂದ್ಯ, 4 ಒಲಿಂಪಿಕ್ಸ್. ಅವರ ದೊಡ್ಡ ಪಂದ್ಯಗಳನ್ನು ಒಂದೊಂದಾಗಿ ನೋಡಿದರೆ:

2014, ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್: ಪಾಕಿಸ್ತಾನದ ಜೊತೆ 1-1, ಶೂಟ್‌ಔಟ್‌ನಲ್ಲಿ 4-2. ಚಿನ್ನದ ಜೊತೆ ರಿಯೊ ಒಲಿಂಪಿಕ್ಸ್‌ಗೆ ಟಿಕೆಟ್.

2021, ಟೋಕಿಯೊ ಒಲಿಂಪಿಕ್ಸ್ ಕಂಚಿನ ಪಂದ್ಯ: ಭಾರತ ಜರ್ಮನಿ ಮೇಲೆ 5-4 ಮುಂದೆ. ಆಟ ಮುಗಿಯೋಕೆ ಏಳು ಸೆಕೆಂಡೂ ಇಲ್ಲ, ಜರ್ಮನಿಗೆ ಪೆನಾಲ್ಟಿ ಕಾರ್ನರ್. ಶ್ರೀಜೇಶ್ ತಡೆದರು. 41 ವರ್ಷದ ಮೇಲೆ ಒಲಿಂಪಿಕ್ಸ್ ಹಾಕಿ ಮೆಡಲ್ ಬಂತು. ಗೋಲಿನ ಮೇಲಿನ ಪಟ್ಟಿ ಹತ್ತಿ ಕೂತ ಅವರ ಫೋಟೋ ದೇಶವೆಲ್ಲ ನೋಡಿದೆ.

2024, ಪ್ಯಾರಿಸ್ ಕ್ವಾರ್ಟರ್‌ಫೈನಲ್: ಗ್ರೇಟ್ ಬ್ರಿಟನ್ ಎದುರು ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. 40 ನಿಮಿಷಕ್ಕೂ ಹೆಚ್ಚು ಕಾಲ ಭಾರತ ಹತ್ತೇ ಮಂದಿಯಲ್ಲಿ ಆಡಿತು. ಆದರೂ 1-1, ಶೂಟ್‌ಔಟ್‌ನಲ್ಲಿ 4-2. ಆಮೇಲೆ ಸ್ಪೇನ್ ಮೇಲೆ 2-1ರಿಂದ ಕಂಚು.

ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನ ವರ್ಷದ ಗೋಲ್‌ಕೀಪರ್ ಪ್ರಶಸ್ತಿ ಅವರಿಗೆ 2021, 2022 ಮತ್ತು 2024ರಲ್ಲಿ ಬಂತು. ಅವರು ಹಾಕುತ್ತಿದ್ದ 16ನೇ ನಂಬರ್ ಜೆರ್ಸಿಯನ್ನು ಸೀನಿಯರ್ ತಂಡದಲ್ಲಿ ಇನ್ನು ಯಾರಿಗೂ ಕೊಡದಂತೆ ನಿವೃತ್ತಿಗೊಳಿಸಲಾಯಿತು. ಈ ಆಟಕ್ಕೆಲ್ಲ ತಯಾರಿ ನಡೆದದ್ದು ಬೆಂಗಳೂರಿನ ಸಾಯ್ ಕೇಂದ್ರದ ಶಿಬಿರಗಳಲ್ಲೇ.

ಸವಿತಾ ಹೆಸರು ಯಾಕ ಬರಂಗಿಲ್ಲ?

ಈ ವಾದದಲ್ಲಿ ಗಂಡಸರ ಹೆಸರಷ್ಟೇ ಕೇಳಿಬರೋದು ಅನ್ಯಾಯ. ಹರಿಯಾಣದ ಸವಿತಾ ಪೂನಿಯಾ ವರ್ಷದ ಗೋಲ್‌ಕೀಪರ್ ಪ್ರಶಸ್ತಿಯನ್ನು 2021, 2022, 2023, ಹೀಗೆ ಸತತ ಮೂರು ಸಲ ಗೆದ್ದವರು. ಟೋಕಿಯೊ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾ ಪೆನಾಲ್ಟಿ ಕಾರ್ನರ್ ಮೇಲೆ ಪೆನಾಲ್ಟಿ ಕಾರ್ನರ್ ಹೊಡೆದರೂ ಗೋಲು ಬಿಡಲಿಲ್ಲ. 1-0ಯಿಂದ ಗೆದ್ದ ಭಾರತದ ಮಹಿಳೆಯರು ಮೊದಲ ಸಲ ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿದರು. ಒಂದು ಗೋಲಿನ ಪಂದ್ಯ ಅನ್ನೋ ಅಳತೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಂಗಾದ್ರ ಯಾರು?

ಅಳತೆ ಬದಲಾದರೆ ಉತ್ತರ ಬದಲಾಗುತ್ತದೆ. ಬಿಟ್ಟ ಗೋಲಷ್ಟೇ ಎಣಿಸಿದರೆ ಅಲೆನ್. ಕರ್ನಾಟಕದ ಮಟ್ಟಿಗೆ, ಒಂದು ದಿನದ ಕೆಲಸ ನೋಡಿದರೆ ಬಲ್ಲಾಳ್. ದೊಡ್ಡ ಫೈನಲ್‌ಗಳ ಲೆಕ್ಕದಲ್ಲಿ ಲಕ್ಷ್ಮಣ್ ಅವರನ್ನು ಹಿಂದೆ ಹಾಕೋದು ಕಷ್ಟ.

ಎಲ್ಲವನ್ನೂ ಕೂಡಿಸಿ ಒಂದೇ ಹೆಸರು ಹೇಳ್ರಿ ಅಂದ್ರ, ತಕ್ಕಡಿ ತುಸು ಶ್ರೀಜೇಶ್ ಕಡೆ ವಾಲುತ್ತದೆ. ಕಾರಣ ಇಷ್ಟೇ. ಲಕ್ಷ್ಮಣ್ ಮುಂದೆ ಆಡಿದ್ದು ಜಗತ್ತಿನ ಮೊದಲ ಅಥವಾ ಎರಡನೇ ತಂಡ. ಶ್ರೀಜೇಶ್ ಬಂದಾಗ ಭಾರತದ ಹಾಕಿ ನೆಲ ಕಚ್ಚಿತ್ತು, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ, 2012ರ ಲಂಡನ್‌ನಲ್ಲಿ ಕೊನೆಯ ಸ್ಥಾನ. ಅಲ್ಲಿಂದ ಎರಡು ಒಲಿಂಪಿಕ್ಸ್ ಮೆಡಲ್‌ವರೆಗೆ ತಂಡ ಏರಿದ ದಾರಿಯುದ್ದಕ್ಕೂ ಅವರ ಕೈ ಇದೆ. ಆದರೆ ಲಕ್ಷ್ಮಣ್ ಹಿಂದೆ ಇರೋದು ಅರ್ಧ ಹೆಜ್ಜೆ ಮಾತ್ರ. ಸಂಭಾವನೆ, ಸನ್ಮಾನ, ನೆನಪು ಇವುಗಳಲ್ಲಿ ಮಾತ್ರ ಇಬ್ಬರ ನಡುವೆ ಆಕಾಶ-ಭೂಮಿ ಅಂತರ ಇದೆ. ಆ ಬಾಕಿ ಲಕ್ಷ್ಮಣ್ ಅವರದ್ದಲ್ಲ, ದೇಶದ್ದು.

ನಮ್ಮ ಊರಿಗೆ ಇದರಿಂದ ಏನು?

ಕೊಪ್ಪಳ ಜಿಲ್ಲೆಯಲ್ಲಿ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಆಡೋರು ಹೆಚ್ಚು, ಹಾಕಿ ಕಡಿಮೆ. ಆದರೆ ಯಾವ ಆಟವಾದರೂ ಗೋಲ್‌ಕೀಪರ್ ಆಯ್ಕೆ ಹೆಚ್ಚಾಗಿ ಒಂದೇ ರೀತಿ: "ಇಂವಗ ಓಡಾಕ ಬರಂಗಿಲ್ಲ, ಗೋಲ್‌ದಾಗ ನಿಂದ್ರಿಸ್ರಿ." ಮೇಲಿನ ಹೆಸರುಗಳನ್ನು ನೋಡಿದರೆ ಇದು ಎಂಥಾ ತಪ್ಪು ಅನ್ನೋದು ಗೊತ್ತಾಗುತ್ತದೆ. ಚುರುಕು ಕಣ್ಣು, ಹೆದರದ ಮನಸ್ಸು, ಬೈಸಿಕೊಂಡರೂ ಮರುದಿನ ಬಂದು ನಿಲ್ಲೋ ಗಟ್ಟಿತನ ಇರುವ ಹುಡುಗ ಅಥವಾ ಹುಡುಗಿಯನ್ನು ಅಲ್ಲಿ ನಿಲ್ಲಿಸಬೇಕು.

ಶಾಲೆಗಳಿಗೆ, ಯುವಕ ಸಂಘಗಳಿಗೆ ಆಟದ ಸಾಮಾನು ಕೊಡಿಸುವ ದಾನಿಗಳೂ ಅಂಗಡಿಕಾರರೂ ನಮ್ಮಲ್ಲಿ ಇದ್ದಾರೆ. ಟೀ ಶರ್ಟ್ ಮೇಲೆ ಹೆಸರು ಹಾಕಿಸೋದು ಸುಲಭ, ಕಪ್ ಕೊಡೋದೂ ಸುಲಭ. ಹಾಕಿ ತಂಡ ಕಟ್ಟೋ ಮನಸ್ಸಿದ್ದರೆ ಮೊದಲ ಖರ್ಚು ಗೋಲ್‌ಕೀಪರ್‌ನ ಹೆಲ್ಮೆಟ್, ಪ್ಯಾಡ್, ಎದೆಗಾರ್ಡ್‌ಗೆ ಹೋಗಲಿ. ಒಬ್ಬೊಬ್ಬರ ಮನೆಯವರು ಕೊಳ್ಳೋದು ಕಷ್ಟವಾದರೂ ಒಂದು ಶಾಲೆಗೆ ಒಂದು ಸೆಟ್ ಇದ್ದರೆ ವರ್ಷಗಟ್ಟಲೆ ಮಕ್ಕಳು ಸರದಿಯಲ್ಲಿ ಬಳಸಬಹುದು. ಇಲ್ಲಿ ಯಾರ ಮನೆಯ ಆಕಳೂ ಹಗ್ಗ ಬಿಚ್ಚಿಸಿಕೊಂಡು ಸಂತೆಗೆ ಹೋಗೋದು ಬೇಡ.